ಒದ್ದೆ ಊರಿನಲ್ಲಿ ಒಣ ಮದ್ದು

ಮಂಗಳೂರಿನ ಬೋಳೂರಿನಲ್ಲಿ ಗುರುಪುರ ನದಿಗೆ ಮುಖಮಾಡಿ ನಿಂತಿರುವ ಸುಲ್ತಾನ್ ಬತ್ತೇರಿಗೆ ಬಂದವರು ಮೆಟ್ಟಿಲು ಹತ್ತುತ್ತಾರೆ, ತೋಪಿನ ಕಿಂಡಿಯಲ್ಲಿ ಇಣುಕಿ ಆಚೆ ದಡದ ತಣ್ಣೀರುಬಾವಿಯನ್ನು ನೋಡುತ್ತಾರೆ, ಫೋಟೊ ತೆಗೆದು ಇಳಿದು ಹೋಗುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸುವುದು ಆ ಬುರುಜಿನ ಮೇಲ್ಭಾಗವಲ್ಲ, ಅದರ ತಳ. ಅಲ್ಲಿ ಮದ್ದು ಇಡುತ್ತಿದ್ದ ನೆಲಮಾಳಿಗೆಯಿದೆ. ಶತ್ರುಗಳ ಹಡಗು ನದಿಯೊಳಗೆ ನುಗ್ಗದಿರಲಿ ಎಂದು ಟಿಪ್ಪು ಸುಲ್ತಾನ್ 1784ರಲ್ಲಿ ಇದನ್ನು ಕಟ್ಟಿಸಿದ. ಎದುರಿಗೆ ನದಿ, ಕೂಗಳತೆಯಲ್ಲಿ ಕಡಲು, ಮೇಲಿಂದ ವರ್ಷಕ್ಕೆ 3,500 ಮಿ.ಮೀ. ದಾಟುವ ಮಳೆ. ಇವುಗಳ ನಡುವೆ, ಅದೂ ನೆಲದಡಿಯಲ್ಲಿ, ನೀರು ಸೋಕಿದರೆ ಕೆಡುವ ಪುಡಿಯನ್ನು ಕಾಪಾಡಬೇಕಿತ್ತು. ಹೊರಗೆ ತೋಪಿನ ಬಳಿ ನಿಂತವನ ಪಾಡು ಇನ್ನೂ ಕಷ್ಟ. ಅವನಿಗೆ ತಲೆಯ ಮೇಲೆ ಕಲ್ಲಿನ ಚಾವಣಿಯೂ ಇರಲಿಲ್ಲ. ಅವನ ಮದ್ದು ಒಣಗಿರಬೇಕಾದರೆ ಅದು ಅವನ ಮೈಮೇಲೆಯೇ ಎಲ್ಲಾದರೂ ಇರಬೇಕು.

ಈ ಸಮಸ್ಯೆಗೆ ಜಗತ್ತಿನ ಹತ್ತಾರು ನಾಡುಗಳ ಜನ ಕಂಡುಕೊಂಡ ಉತ್ತರ ಒಂದೇ: ಪ್ರಾಣಿಯ ಕೊಂಬು. ಒಳಗಿನ ಎಲುಬು ತೆಗೆದು, ಅಗಲದ ತುದಿಗೆ ಮರದ ಬಿರಡೆ ಜಡಿದು, ಚೂಪು ತುದಿಗೆ ತೂತು ಕೊರೆದರೆ ಮದ್ದಿನ ಕೊಂಬು ಸಿದ್ಧ. ಹೆಗಲಿಗೆ ದಾರ ಕಟ್ಟಿ ನೇತುಹಾಕಿಕೊಂಡರೆ ಎರಡೂ ಕೈ ಖಾಲಿ. ಹದಿನೆಂಟನೆಯ ಶತಮಾನದ ಅಮೆರಿಕದಲ್ಲಿ ಸೈನಿಕರು ಇವುಗಳ ಮೇಲೆ ಕೋಟೆ, ನದಿ, ದಾರಿಗಳ ನಕ್ಷೆಯನ್ನೂ ತಮ್ಮ ಹೆಸರನ್ನೂ ಕೆತ್ತಿಕೊಂಡರು. ಅಂಥ ಕೊಂಬುಗಳನ್ನು ಹಳೆಯ ಕ್ರಮದಲ್ಲಿಯೇ ಕೈಯಿಂದ ಮಾಡುವವರು ಈಗಲೂ ಇದ್ದಾರೆ. ಮಂಗಳೂರಿನ ನದಿಗಳನ್ನು ಹೊತ್ತ ಅಂಥದ್ದೊಂದು ಕೊಂಬನ್ನು ಇಲ್ಲಿಯೇ ಮಾಡಿದರೆ ಹೇಗಿರುತ್ತದೆ ಎಂಬುದು ಈ ಅಧ್ಯಾಯದ ವಿಷಯ. ಮಾಡುವ ಮೊದಲು ಎರಡು ವಸ್ತುಗಳನ್ನು ಅರಿಯಬೇಕು. ಒಂದು ಒಳಗಿರುವ ಮದ್ದು, ಇನ್ನೊಂದು ಅದನ್ನು ಕಾಯುವ ಕೊಂಬು.

ಕೋವಿಯ ಮದ್ದಿನಲ್ಲಿರುವುದು ಪೆಟ್ಲುಪ್ಪು, ಇದ್ದಿಲು, ಗಂಧಕ. ತೂಕದಲ್ಲಿ ನೂರಕ್ಕೆ ಸುಮಾರು 75, 15, 10ರ ಪಾಲು. ಇದ್ದಿಲು ಉರಿಯುವ ವಸ್ತು. ಪೆಟ್ಲುಪ್ಪು, ಎಂದರೆ ಪೊಟ್ಯಾಸಿಯಂ ನೈಟ್ರೇಟ್, ಉರಿಯಲು ಬೇಕಾದ ಆಮ್ಲಜನಕವನ್ನು ತನ್ನೊಳಗೇ ಹೊತ್ತಿರುತ್ತದೆ. ಹಾಗಾಗಿಯೇ ಗಾಳಿ ಸುಳಿಯದ ನಳಿಗೆಯೊಳಗೂ ಮದ್ದು ಉರಿಯುತ್ತದೆ. ಗಂಧಕ ಬೇಗ ಕರಗಿ, ಬೇಗ ಹೊತ್ತಿಕೊಂಡು, ಉಳಿದೆರಡನ್ನೂ ಕಡಿಮೆ ಶಾಖದಲ್ಲೇ ಕೆರಳಿಸುತ್ತದೆ. ಇದ್ದಿಲು ಹಗುರವೂ ರಂಧ್ರಮಯವೂ ಆಗಿರಬೇಕು. ನಮ್ಮ ನಾಡಿನಲ್ಲಿ ಎಕ್ಕದ ಗಿಡದ ಇದ್ದಿಲಿಗೆ ಬೆಲೆಯಿದ್ದುದು ಇದೇ ಕಾರಣಕ್ಕೆ.

ಪೆಟ್ಲುಪ್ಪಿನ ಹುಟ್ಟು ಮಾತ್ರ ಕರಾವಳಿಗೆ ಒಗ್ಗುವಂಥದ್ದಲ್ಲ. ದನದ ಗಂಜಳದಲ್ಲಿರುವ ಸಾರಜನಕವನ್ನು ಮಣ್ಣಿನ ಬ್ಯಾಕ್ಟೀರಿಯಾ ನೈಟ್ರೇಟ್ ಆಗಿ ಬದಲಿಸುತ್ತವೆ. ಒಣ ಹವೆಯಲ್ಲಿ ನೆಲದ ತೇವ ಮೇಲೇರಿ ಆವಿಯಾದಾಗ ಅದು ಮಣ್ಣಿನ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಬಯಲುಸೀಮೆಯಲ್ಲಿ ಉಪ್ಪಾರರು ಅಂಥ ಮಣ್ಣನ್ನು ಕೆರೆದು, ನೀರಲ್ಲಿ ಕದಡಿ, ಸೋಸಿ, ಕುದಿಸಿ ಉಪ್ಪು ತೆಗೆಯುತ್ತಿದ್ದರು. ಬಿಹಾರದ ಪೆಟ್ಲುಪ್ಪು ಈಸ್ಟ್ ಇಂಡಿಯಾ ಕಂಪನಿಯ ದೊಡ್ಡ ವ್ಯಾಪಾರಗಳಲ್ಲಿ ಒಂದಾಗಿತ್ತು. ಮಂಗಳೂರಿನಂಥ ಊರಿನಲ್ಲಿ ಒಂದು ಮಳೆಗಾಲ ಸಾಕು, ನೈಟ್ರೇಟ್ ಎಲ್ಲ ಕರಗಿ ತೋಡಿನ ಪಾಲಾಗುತ್ತದೆ. ಮದ್ದು ಇಲ್ಲಿಗೆ ಹೊರಗಿನಿಂದ ಬರುವ ನೆಂಟ, ಇಲ್ಲಿನ ಹವೆ ಅದಕ್ಕೆ ಹಗೆ.

ಆ ಹಗೆತನದ ಲೆಕ್ಕವನ್ನು ರಸಾಯನಶಾಸ್ತ್ರ ಚೆನ್ನಾಗಿ ಹೇಳುತ್ತದೆ. ನೀರಲ್ಲಿ ಕರಗುವ ಪ್ರತಿಯೊಂದು ಉಪ್ಪಿಗೂ ಒಂದು ಗಡಿಯಿದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಆ ಗಡಿ ದಾಟಿದರೆ ಉಪ್ಪು ಗಾಳಿಯಿಂದಲೇ ನೀರು ಹೀರಿ ತಾನಾಗಿ ಕರಗತೊಡಗುತ್ತದೆ. ಶುದ್ಧ ಪೊಟ್ಯಾಸಿಯಂ ನೈಟ್ರೇಟಿನ ಗಡಿ ನಮ್ಮ ಊರಿನ ಉಷ್ಣತೆಯಲ್ಲಿ ಸುಮಾರು ಶೇ 92. ಅಡುಗೆ ಉಪ್ಪಿನದು ಸುಮಾರು 75, ಸೋಡಿಯಂ ನೈಟ್ರೇಟಿನದು ಸುಮಾರು 73, ಕ್ಯಾಲ್ಸಿಯಂ ನೈಟ್ರೇಟಿನದು ಇನ್ನೂ ಕೆಳಗೆ, 50ರ ಆಸುಪಾಸು. ಮಂಗಳೂರಿನ ಜುಲೈ ತಿಂಗಳ ಗಾಳಿ ಶೇ 90ರ ಹತ್ತಿರ ಸುಳಿದಾಡುತ್ತದೆ. ಅಂದರೆ ಶುದ್ಧ ಪೆಟ್ಲುಪ್ಪು ಅಂಚಿನಲ್ಲಿ ತಡೆದುಕೊಳ್ಳುತ್ತದೆ. ಅದರಲ್ಲಿ ಮಣ್ಣಿನ ಬೇರೆ ಉಪ್ಪುಗಳು ಚೂರು ಬೆರೆತಿದ್ದರೂ ಮದ್ದು ಮುದ್ದೆಯಾಗುತ್ತದೆ. ಮದ್ದು ಮಾಡುವವರು ಪೆಟ್ಲುಪ್ಪನ್ನು ಮತ್ತೆ ಮತ್ತೆ ಕರಗಿಸಿ ಹರಳುಗಟ್ಟಿಸುತ್ತಿದ್ದುದು ಇದಕ್ಕಾಗಿ. ಇದ್ದಿಲು ಕೂಡ ತನ್ನ ಸೂಕ್ಷ್ಮ ರಂಧ್ರಗಳಲ್ಲಿ ತೇವ ಹಿಡಿಯುತ್ತದೆ.

ಒಮ್ಮೆ ಒದ್ದೆಯಾದ ಮದ್ದನ್ನು ಬಿಸಿಲಲ್ಲಿ ಒಣಗಿಸಿದರೆ ಸರಿಹೋಗುತ್ತದೆ ಎಂದು ಅನ್ನಿಸಬಹುದು. ಹೋಗುವುದಿಲ್ಲ. ಮದ್ದಿನ ಬಲವಿರುವುದು ಮೂರು ವಸ್ತುಗಳನ್ನು ಗಂಟೆಗಟ್ಟಲೆ ಅರೆದು ಕಣಕ್ಕೆ ಕಣ ಅಂಟಿಸಿದ್ದರಲ್ಲಿ. ನೀರು ಬಿದ್ದಾಗ ನೈಟ್ರೇಟ್ ಮಾತ್ರ ಕರಗಿ ಹರಿಯುತ್ತದೆ, ಗಂಧಕ ಮತ್ತು ಇದ್ದಿಲು ಇದ್ದಲ್ಲೇ ಉಳಿಯುತ್ತವೆ. ಒಣಗಿದಾಗ ನೈಟ್ರೇಟ್ ಬೇರೆಡೆ ಹರಳಾಗಿ ಕೂರುತ್ತದೆ. ಮತ್ತೆ ಅರೆಯದೆ ಅದು ಮೊದಲಿನ ಮದ್ದಾಗದು. ಆದ್ದರಿಂದ ಮದ್ದಿನ ಪಾತ್ರೆ ನೀರು ಬಿದ್ದ ಮೇಲೆ ಒಣಗಿಸುವಂಥದ್ದಾಗಿದ್ದರೆ ಸಾಲದು, ನೀರನ್ನು ಒಳಗೇ ಬಿಡಬಾರದು.

ಕಬ್ಬಿಣದ ಡಬ್ಬಿ ಕಡಲಗಾಳಿಗೆ ತುಕ್ಕು ಹಿಡಿಯುತ್ತದೆ, ಉಕ್ಕಿಗೆ ಕಲ್ಲು ತಾಗಿದರೆ ಕಿಡಿಯೂ ಹಾರುತ್ತದೆ. ಚರ್ಮ ನೆನೆಯುತ್ತದೆ, ಬೂಷ್ಟು ಹಿಡಿಯುತ್ತದೆ. ಮಣ್ಣಿನ ಮಡಕೆ ಒಡೆಯುತ್ತದೆ. ಕೊಂಬು ಹಗುರ, ಕಿಡಿ ಹಾರಿಸದು, ಕಲ್ಲಿನ ಮೇಲೆ ಬಿದ್ದರೂ ಒಡೆಯದು. ಇದೆಲ್ಲ ಹೇಗೆ ಬಂತು?

ಕೊಂಬು ಮತ್ತು ಕವಲುಗೊಂಬು ಬೇರೆ ಬೇರೆ ಎಂಬುದನ್ನು ಇಲ್ಲಿ ಹೇಳಲೇಬೇಕು. ಜಿಂಕೆ, ಕಡವೆಗಳ ತಲೆಯ ಮೇಲಿನದು ಗಟ್ಟಿ ಎಲುಬು. ಅದು ಕಾಲಕಾಲಕ್ಕೆ ಉದುರಿ ಮತ್ತೆ ಬೆಳೆಯುತ್ತದೆ. ದನ, ಎಮ್ಮೆ, ಆಡು, ಕುರಿಗಳ ಕೊಂಬು ಉದುರುವುದಿಲ್ಲ. ಒಳಗೆ ತಲೆಬುರುಡೆಯಿಂದ ಹೊರಟ ಎಲುಬಿನ ತಿರುಳು, ಹೊರಗೆ ಕೆರಟಿನ್ ಎಂಬ ಪ್ರೋಟೀನಿನ ಕವಚ. ನಮ್ಮ ಕೂದಲು, ಉಗುರು, ಕುರಿಯ ಉಣ್ಣೆ ಎಲ್ಲವೂ ಕೆರಟಿನ್ನೇ. ತಿರುಳನ್ನು ಹೊದ್ದ ಚರ್ಮ ಪ್ರತಿವರ್ಷ ಒಳಗಿನಿಂದ ಹೊಸ ಪದರ ಕಟ್ಟುತ್ತಾ ಹಳೆಯದನ್ನು ಮುಂದಕ್ಕೆ ತಳ್ಳುತ್ತದೆ. ಚರುಮುರಿಯ ಕಾಗದದ ಪೊಟ್ಟಣಗಳನ್ನು ಒಂದರೊಳಗೊಂದು ಪೇರಿಸಿಟ್ಟ ಹಾಗೆ ಕೊಂಬು ಬೆಳೆಯುತ್ತದೆ. ಹಾಗಾಗಿ ತುದಿ ಎಲ್ಲಕ್ಕಿಂತ ಹಳೆಯದು ಮತ್ತು ಪೂರ್ತಿ ಗಟ್ಟಿ, ಬುಡ ಎಲ್ಲಕ್ಕಿಂತ ಹೊಸದು ಮತ್ತು ತೆಳು. ಮದ್ದು ಸುರಿಯುವ ಬಾಯಿಗೆ ಗಟ್ಟಿ ತುದಿ, ಮದ್ದು ತುಂಬಲು ಟೊಳ್ಳು ಬುಡ. ಮನುಷ್ಯ ಕೊರೆಯಬೇಕಾದದ್ದು ಬಹಳ ಕಡಿಮೆ. ಒಂದು ಬದಿ ಇನ್ನೊಂದಕ್ಕಿಂತ ಬೇಗ ಬೆಳೆಯುವುದರಿಂದ ಕೊಂಬು ಬಾಗುತ್ತದೆ. ಆ ಬಾಗು ಸೊಂಟಕ್ಕೆ ಹೊಂದಿ ಕೂರುತ್ತದೆ.

ಕೆರಟಿನ್ ಎಳೆಗಳನ್ನು ಬಿಗಿದಿಡುವುದು ಗಂಧಕದ ಕೊಂಡಿಗಳು. ಸಿಸ್ಟೀನ್ ಎಂಬ ಅಮೈನೊ ಆಮ್ಲದಲ್ಲಿ ಗಂಧಕದ ಒಂದೊಂದು ಪರಮಾಣು ಇರುತ್ತದೆ. ಅಕ್ಕಪಕ್ಕದ ಎಳೆಗಳ ಎರಡು ಗಂಧಕಗಳು ಕೈ ಹಿಡಿದಾಗ ಕೊಂಬು ಗಟ್ಟಿಯಾಗುತ್ತದೆ, ನೀರಿನಲ್ಲಿ ಕರಗದಂತಾಗುತ್ತದೆ. ಕೂದಲು ಸುಟ್ಟಾಗ ಮೂಗಿಗೆ ಬಡಿಯುವ ವಾಸನೆಯಲ್ಲಿ ಈ ಗಂಧಕವೂ ಇದೆ. ಮದ್ದಿನ ಕೊಂಬಿನಲ್ಲಿ ಗಂಧಕ ಎರಡು ಕಡೆ ಇದೆ ಎಂದಾಯಿತು: ಗೋಡೆಯಲ್ಲಿ ಎಳೆಗಳನ್ನು ಕಟ್ಟಿಹಿಡಿದಿದೆ, ಒಳಗಿನ ಪುಡಿಯಲ್ಲಿ ಬೆಂಕಿಗೆ ಕಾಯುತ್ತಿದೆ. ಒಂದೇ ಮೂಲವಸ್ತು ಎರಡು ಬಗೆಯ ಸಂಬಂಧಗಳಲ್ಲಿ ಎಷ್ಟು ಬೇರೆಯಾಗಿ ನಡೆದುಕೊಳ್ಳುತ್ತದೆ ಎಂಬುದಕ್ಕೆ ಇಷ್ಟು ಹತ್ತಿರದ ಉದಾಹರಣೆ ನನಗೆ ಬೇರೆ ಗೊತ್ತಿಲ್ಲ.

ಕೊಂಬು ನೀರನ್ನು ಪೂರ್ತಿ ತಳ್ಳಿಹಾಕುತ್ತದೆ ಎಂದು ತಿಳಿಯಬಾರದು. ಸಾಮಾನ್ಯ ಗಾಳಿಯಲ್ಲಿ ಅದರ ತೂಕದ ಹತ್ತನೇ ಒಂದರಷ್ಟು ನೀರೇ ಇರುತ್ತದೆ. ದಿನಗಟ್ಟಲೆ ನೀರಲ್ಲಿ ನೆನೆಸಿದರೆ ಅದು ಇನ್ನೂ ಬಹಳ ಏರುತ್ತದೆ, ಕೊಂಬು ಮೆದುವಾಗುತ್ತದೆ. ಆದರೆ ಕೆಲವು ಮಿಲಿಮೀಟರ್ ದಪ್ಪದ ಗೋಡೆಯನ್ನು ದಾಟಲು ನೀರಿಗೆ ಬಹಳ ಹೊತ್ತು ಬೇಕು. ಒಂದು ಜಡಿಮಳೆಯನ್ನು, ಒಂದು ಹೊಳೆ ದಾಟುವುದನ್ನು, ಒಂದು ರಾತ್ರಿಯ ಕಾವಲನ್ನು ಕೊಂಬು ತಡೆಯುತ್ತದೆ. ಸಿಪಾಯಿಗೆ ಬೇಕಾದದ್ದು ಅಷ್ಟೇ.

1783ರ ಮಂಗಳೂರಿನಲ್ಲಿ ಇದು ಜೀವನ್ಮರಣದ ಪ್ರಶ್ನೆಯಾಗಿತ್ತು. ಆ ವರ್ಷದ ಮೇ ತಿಂಗಳಲ್ಲಿ ಟಿಪ್ಪು ಇಲ್ಲಿನ ಕೋಟೆಗೆ ಮುತ್ತಿಗೆ ಹಾಕಿದ. ಒಳಗಿದ್ದವರು ಕರ್ನಲ್ ಜಾನ್ ಕ್ಯಾಂಪ್‌ಬೆಲ್‌ನ ಕಂಪನಿ ಸಿಪಾಯಿಗಳು ಮತ್ತು ಸ್ಕಾಟ್ಲೆಂಡಿನ ಗುಡ್ಡಗಾಡಿನ ಸೈನಿಕರು. ಮುತ್ತಿಗೆ ಇಡೀ ಮಳೆಗಾಲವನ್ನು ಹಾದು 1784ರ ಜನವರಿ ಕೊನೆಯವರೆಗೆ ಎಳೆಯಿತು. ಒಳಗೆ ಅನ್ನ ಮುಗಿದು ಕೋಟೆ ಶರಣಾಯಿತು. ಮಾರ್ಚ್ 11ರಂದು ಮಂಗಳೂರು ಒಪ್ಪಂದಕ್ಕೆ ಸಹಿ ಬಿತ್ತು. ಕೆಸರು ತುಂಬಿದ ಕಂದಕಗಳಲ್ಲಿ ಎರಡೂ ಕಡೆಯವರು ಒಣ ಮದ್ದಿಗಾಗಿ ಪರದಾಡಿರಬೇಕಾದ ಮಳೆಗಾಲವದು.

ಆ ಮುತ್ತಿಗೆಗೂ ಅಮೆರಿಕಕ್ಕೂ ನೇರ ನಂಟಿದೆ. ಟಿಪ್ಪುವಿನ ಜೊತೆ ಹೋರಾಡುತ್ತಿದ್ದ ಫ್ರೆಂಚ್ ಪಡೆ ನಡುವೆಯೇ ಹಿಂದೆಗೆಯಿತು. ಕಾರಣ, ಅಮೆರಿಕದ ಸ್ವಾತಂತ್ರ್ಯ ಸಮರದ ಕೊನೆಯಲ್ಲಿ ಫ್ರಾನ್ಸ್ ಮತ್ತು ಬ್ರಿಟನ್ ರಾಜಿಯಾದ ಸುದ್ದಿ ಇಲ್ಲಿಗೆ ತಲುಪಿತು. ಅತ್ತ ಪೆನ್ಸಿಲ್ವೇನಿಯಾದವರು 1782ರಲ್ಲಿ ತಮ್ಮ ಯುದ್ಧನೌಕೆಯೊಂದಕ್ಕೆ ಟಿಪ್ಪುವಿನ ತಂದೆ ಹೈದರಾಲಿಯ ಹೆಸರಿಟ್ಟಿದ್ದರು. ಡೆಲವೇರ್ ಕೊಲ್ಲಿಯಲ್ಲಿ ಅದು ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಸೆರೆಹಿಡಿಯಿತು. ಭೂಮಿಯ ಎರಡು ಮಗ್ಗುಲಲ್ಲಿ ಒಂದೇ ಶತ್ರುವಿನ ವಿರುದ್ಧ ಒಂದೇ ಬಗೆಯ ಮದ್ದು ಉರಿಯುತ್ತಿತ್ತು.

ಆ ಹೊತ್ತಿಗೆ ಯುರೋಪಿನ ಪದ್ಧತಿಯ ಪದಾತಿಗಳು ಕಾಗದದ ತೋಟಾಗಳನ್ನು ಬಳಸುತ್ತಿದ್ದರು. ಮದ್ದನ್ನೂ ಗುಂಡನ್ನೂ ಒಟ್ಟಿಗೆ ಸುತ್ತಿದ ಪೊಟ್ಟಣವನ್ನು ಹಲ್ಲಲ್ಲಿ ಕಚ್ಚಿ ಹರಿದು ನಳಿಗೆಗೆ ಸುರಿಯುವುದು. ಕೊಂಬು ಉಳಿದದ್ದು ಬೇಟೆಗಾರರ, ಊರಿನ ದಂಡಿನವರ ಮತ್ತು ಗೋಲಂದಾಜರ ಬಳಿ. ಗೋಲಂದಾಜ ತೋಪಿನ ಹಿಂಬದಿಯ ಸಣ್ಣ ತೂತಿಗೆ ನುಣ್ಣನೆಯ ಮದ್ದನ್ನು ಕೊಂಬಿನಿಂದ ಸುರಿದು, ಉರಿಯುವ ಬತ್ತಿ ಮುಟ್ಟಿಸುತ್ತಿದ್ದ. ನಮ್ಮ ಮಲೆನಾಡು, ಕೊಡಗು, ದಕ್ಷಿಣ ಕನ್ನಡದ ತೋಟದ ಮನೆಗಳಲ್ಲಿ ಕೇಪಿನ ಕೋವಿ ಇದ್ದಷ್ಟು ಕಾಲವೂ ಮದ್ದು, ಚರೆ, ಕೇಪುಗಳನ್ನು ಬೇರೆ ಬೇರೆಯಾಗಿ ಬೆಚ್ಚಗಿಡುವ ಚಿಂತೆ ಇದ್ದೇ ಇತ್ತು.

ನಕ್ಷೆಯ ಕೊಂಬುಗಳ ಉತ್ಕರ್ಷದ ಕಾಲ ಅಮೆರಿಕದಲ್ಲಿ 1754ರಿಂದ 1763ರವರೆಗೆ ಬ್ರಿಟಿಷರಿಗೂ ಫ್ರೆಂಚರಿಗೂ ನಡೆದ ಯುದ್ಧ. ಲೇಕ್ ಜಾರ್ಜ್ ಸುತ್ತಲಿನ ಕೋಟೆಗಳಲ್ಲಿ ತಿಂಗಳುಗಟ್ಟಲೆ ಕಾದು ಕೂತ ಸೈನಿಕರು ಕೊಂಬು ಕೆತ್ತಿದರು, ಕೆತ್ತಿಸಿಕೊಂಡರು. ಅತ್ಯಂತ ಚೆಲುವಾದವುಗಳಲ್ಲಿ ಕೆಲವು ಮ್ಯಾಸಚೂಸೆಟ್ಸಿನ ಕಪ್ಪು ಸೈನಿಕ ಜಾನ್ ಬುಷ್‌ನ ಕೈಯವು. ಬಳ್ಳಿಯಂತೆ ಸುರುಳಿ ಬಿಟ್ಟ ಅವನ ಅಕ್ಷರಗಳನ್ನು ಮುಂದಿನವರು ನಕಲು ಮಾಡಿ ಕಲಿತರು. 1757ರಲ್ಲಿ ಫೋರ್ಟ್ ವಿಲಿಯಂ ಹೆನ್ರಿ ಬಿದ್ದಾಗ ಅವನು ಫ್ರೆಂಚರಿಗೆ ಸೆರೆಸಿಕ್ಕ. ಒಬ್ಬ ಸಾಮಾನ್ಯ ಸಿಪಾಯಿಯ ಕೈಬರಹ ಇನ್ನೂರೈವತ್ತು ವರ್ಷ ದಾಟಿ ಉಳಿದದ್ದು ಕಾಗದದಲ್ಲಲ್ಲ, ದನದ ಕೊಂಬಿನಲ್ಲಿ. ಕೆರಟಿನ್ ಎಷ್ಟು ಬಾಳುತ್ತದೆ ಎಂಬುದಕ್ಕೆ ಪ್ರಯೋಗಾಲಯದ ಅಳತೆಗಿಂತ ಇದೇ ನನಗೆ ದೊಡ್ಡ ಸಾಕ್ಷಿ.

ಈಗ ಕೈಕೆಲಸಕ್ಕೆ ಬರೋಣ. ಕಾಡುಪ್ರಾಣಿಯ ಕೊಂಬನ್ನು ಮುಟ್ಟಲೇಬಾರದು. ಕಾಟಿಯ ಕೊಂಬಾಗಲಿ, ಕಾಡಿನಲ್ಲಿ ತಾನಾಗಿ ಉದುರಿದ ಜಿಂಕೆಯ ಕೊಂಬಾಗಲಿ, ಇಟ್ಟುಕೊಳ್ಳುವುದೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಮದ್ದು ಇಟ್ಟುಕೊಳ್ಳಲೂ ಪರವಾನಗಿ ಬೇಕು. ನಾವು ಮಾಡುವ ಕೊಂಬು ಖಾಲಿಯಾಗಿಯೇ ಇರುತ್ತದೆ. ತಾನಾಗಿ ಸತ್ತ ಸಾಕುಪ್ರಾಣಿಯ ಕೊಂಬು ಸಾಕು. ಮಲೆನಾಡು ಗಿಡ್ಡದ ಕೊಂಬು ಇದಕ್ಕೆ ಚಿಕ್ಕದು. ಹಳ್ಳಿಕಾರ್, ಅಮೃತಮಹಲ್ ತಳಿಗಳದು ಉದ್ದ, ಹಿಂದಕ್ಕೆ ಬಾಗಿ ಮೇಲೇಳುವಂಥದ್ದು. ಮೈಸೂರಿನ ದಂಡಿನ ತೋಪು, ಸಾಮಾನು ಎಳೆದ ಅಮೃತಮಹಲ್ ದನಗಳಿಗೆ ಆ ಹೆಸರು ಬಂದದ್ದೇ ಟಿಪ್ಪುವಿನ ಕಾಲದಲ್ಲಿ. ಎಮ್ಮೆಯ ಕೊಂಬು ಕಪ್ಪು, ಚಪ್ಪಟೆ, ಅಡ್ಡಡ್ಡ ಏಣುಗಳಿರುವಂಥದ್ದು. ಮೆಲನಿನ್ ತುಂಬಿರುವುದರಿಂದ ಬೆಳಕು ಒಳಹೊಗುವುದಿಲ್ಲ. ಮಾಸಲು ಬಣ್ಣದ ದನದ ಕೊಂಬನ್ನು ತೆಳ್ಳಗೆ ಹೆರೆದರೆ ಬೆಳಕಿಗೆ ಹಿಡಿದಾಗ ಒಳಗೆಷ್ಟು ಮದ್ದಿದೆ ಎಂದು ಹೊರಗಿಂದಲೇ ಕಾಣುತ್ತದೆ. ಹಳಬರು ಅಂಥದ್ದನ್ನೇ ಆರಿಸುತ್ತಿದ್ದರು.

ಕೊಂಬನ್ನು ನೀರಲ್ಲಿ ಮುಳುಗಿಸಿಟ್ಟರೆ ತಿರುಳು ಮತ್ತು ಕವಚದ ನಡುವಿನ ಅಂಗಾಂಶ ಕೊಳೆಯುತ್ತದೆ. ನಮ್ಮ ಸೆಕೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ಹುರುಪು ಹೆಚ್ಚು, ಕೆಲಸ ಬೇಗ ಮುಗಿಯುತ್ತದೆ. ವಾಸನೆ ಘೋರ, ಮನೆಯಿಂದ ದೂರ ಇಡಬೇಕು. ಬಡಿದಾಗ ತಿರುಳು ಕಳಚಿ ಬೀಳುತ್ತದೆ. ಆಮೇಲೆ ಒಂದು ತಂತಿಯನ್ನು ಒಳಗೆ ತೂರಿಸಿ ಟೊಳ್ಳು ಎಲ್ಲಿಯವರೆಗಿದೆ ಎಂದು ಅಳೆದು, ತುದಿಯಿಂದ ಅಲ್ಲಿಗೆ ತೂತು ಕೊರೆಯಬೇಕು. ಕೊಂಬಿನ ಪುಡಿ ಮೂಗಿಗೆ ಹೋಗದಂತೆ ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಲೇಬೇಕು.

ಬುಡದ ಬಾಯಿ ಯಾವತ್ತೂ ದುಂಡಗಿರುವುದಿಲ್ಲ. ಇಲ್ಲಿ ಕೆರಟಿನ್ನಿನ ಇನ್ನೊಂದು ಗುಣ ಸಹಾಯಕ್ಕೆ ಬರುತ್ತದೆ. ಕುದಿನೀರಲ್ಲಿ ಇಟ್ಟಾಗ ಎಳೆಗಳ ನಡುವಿನ ದುರ್ಬಲ ಹೈಡ್ರೋಜನ್ ಬಂಧಗಳು ಸಡಿಲಗೊಂಡು ಕೊಂಬು ಬಗ್ಗುತ್ತದೆ. ಬಿಸಿಯಿರುವಾಗಲೇ ಮೊನಚಾದ ಮರದ ಅಚ್ಚು ತೂರಿಸಿ ತಣಿಯಲು ಬಿಟ್ಟರೆ ಬಂಧಗಳು ಹೊಸ ಆಕಾರದಲ್ಲಿ ಮತ್ತೆ ಕೂಡಿಕೊಳ್ಳುತ್ತವೆ. ಗಂಧಕದ ಕೊಂಡಿಗಳು ಹೆಚ್ಚುಕಡಿಮೆ ಹಾಗೇ ಇರುವುದರಿಂದ ಬಲ ಕುಂದುವುದಿಲ್ಲ. ಸ್ಕಾಟ್ಲೆಂಡಿನವರು ಇದೇ ಉಪಾಯದಿಂದ ಇಡೀ ಕೊಂಬನ್ನೇ ಒತ್ತಿ ಚಪ್ಪಟೆ ಮಾಡುತ್ತಿದ್ದರು. ಬೆಂಕಿಗೆ ನೇರ ಹಿಡಿದರೆ ಮಾತ್ರ ಕೊಂಬು ಪುಸುಗುಟ್ಟಿ ಸೀದುಹೋಗುತ್ತದೆ, ಮರಳಿ ಬಾರದು.

ಬಿರಡೆಗೆ ಹಲಸಿನ ಮರ ಒಳ್ಳೆಯದು. ಬಿರಡೆಯನ್ನು ಕಬ್ಬಿಣದ ಮೊಳೆಯಿಂದ ಜಡಿಯಬೇಡಿ, ಬಿದಿರಿನ ಕಡ್ಡಿ ಅಥವಾ ಹಿತ್ತಾಳೆಯ ಮೊಳೆ ಬಳಸಿ. ಸಂದಿಗೆ ಜೇನುಮೇಣವನ್ನು ಬಿಸಿ ಮಾಡಿ ತುಂಬಿ. ಮಳೆಗಾಲದಲ್ಲಿ ಮರವೂ ಉಬ್ಬುತ್ತದೆ, ಕೊಂಬೂ ಉಬ್ಬುತ್ತದೆ, ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಗಡುಸಾದ ಅಂಟು ಈ ಎಳೆದಾಟದಲ್ಲಿ ಬಿರುಕು ಬಿಡುತ್ತದೆ, ಮೇಣ ಜೊತೆಗೇ ಸರಿದಾಡುತ್ತದೆ. ಜೇನುಮೇಣಕ್ಕಿಂತ ಒಳ್ಳೆಯ ಮುಚ್ಚುವಸ್ತುವನ್ನು ಈ ಕೆಲಸಕ್ಕೆ ಹುಡುಕುವ ಅಗತ್ಯ ನನಗೆ ಕಂಡಿಲ್ಲ.

ಹೊರಮೈಯನ್ನು ಅರದಿಂದ ಉಜ್ಜಿ, ಗಾಜಿನ ಚೂರಿನಿಂದ ಹೆರೆದು, ಕೊನೆಗೆ ಗರಗತ್ತಿ ಮರದ ಒರಟು ಎಲೆಯಿಂದ ತಿಕ್ಕಿದರೆ ಕೆತ್ತಲು ಬೇಕಾದ ನುಣುಪು ಬರುತ್ತದೆ. ಕೆತ್ತುವ ವಿದ್ಯೆ ಕರಾವಳಿಗೆ ಹೊಸದೇನಲ್ಲ. ತುಳುನಾಡಿನಲ್ಲಿ ತಾಳೆಗರಿಯ ಮೇಲೆ ಉಕ್ಕಿನ ಕಂಟದಿಂದ ಗೀರಿ, ಆಮೇಲೆ ಮಸಿ ತಿಕ್ಕಿ ಒರೆಸಿದರೆ ಗೀರಿನಲ್ಲಿ ಮಾತ್ರ ಕಪ್ಪು ಉಳಿದು ಅಕ್ಷರ ಎದ್ದು ಕಾಣುತ್ತಿತ್ತು. ಮದ್ದಿನ ಕೊಂಬಿನದೂ ಅಕ್ಷರಶಃ ಅದೇ ಕ್ರಮ. ದೀಪದ ಮಸಿಗೆ ತುಸು ಎಣ್ಣೆ ಬೆರೆಸಿದರೆ ಸಾಕು. ಶುದ್ಧ ಇಂಗಾಲವಾದ್ದರಿಂದ ಬಿಸಿಲಿಗೆ ಬಣ್ಣ ಮಾಸುವುದಿಲ್ಲ. ಎಮ್ಮೆಯ ಕಪ್ಪು ಕೊಂಬಾದರೆ ಬಿಳಿ ತುಂಬಬೇಕು. ಮಂಗಳೂರಿನಲ್ಲಿ ಕೈಗೆ ಮೊದಲು ಸಿಗುವುದು ಚಿಪ್ಪಿನ ಸುಣ್ಣ, ಆದರೆ ಅದನ್ನು ಹಚ್ಚಬಾರದು. ಸುಣ್ಣ ಪ್ರಬಲ ಕ್ಷಾರ. ಚರ್ಮ ಹದಮಾಡುವಾಗ ಕೂದಲು ಸಡಿಲಿಸಲು ಸುಣ್ಣದ ತೊಟ್ಟಿಯಲ್ಲಿ ನೆನೆಸುವುದೇ ಅದು ಕೆರಟಿನ್ನಿನ ಗಂಧಕದ ಕೊಂಡಿಗಳನ್ನು ಕಡಿಯುತ್ತದೆ ಎಂಬ ಕಾರಣಕ್ಕೆ. ಸುಡದ ಚಿಪ್ಪನ್ನೇ ನುಣ್ಣಗೆ ಅರೆದ ಪುಡಿ ನಿರಪಾಯಕಾರಿ.

ಏನು ಕೆತ್ತಬೇಕು? ನನ್ನ ಮಟ್ಟಿಗೆ ಮಂಗಳೂರಿನ ಕೊಂಬಿಗೆ ಅಳಿವೆ ಬಾಗಿಲೇ ಆಗಬೇಕು. ಪೂರ್ವದಿಂದ ನೇತ್ರಾವತಿ, ಉತ್ತರದಿಂದ ಕಡಲಿಗೆ ಸಮಾನಾಂತರವಾಗಿ ಇಳಿಯುವ ಗುರುಪುರ ನದಿ. ಕಡಲಿಗೂ ನದಿಗೂ ನಡುವೆ ಬೆಂಗ್ರೆಯ ಮರಳು ಪಟ್ಟಿ, ದಕ್ಷಿಣದಲ್ಲಿ ಉಳ್ಳಾಲ. ದಡದಲ್ಲಿ ಸುಲ್ತಾನ್ ಬತ್ತೇರಿ, ಒಳಗೆ ಬಾವುಟಗುಡ್ಡ, ಅದಕ್ಕೂ ಒಳಗೆ ಕದ್ರಿಯ ಗುಡ್ಡ. ಕಾಗದದ ನಕ್ಷೆಯನ್ನು ಕೊಂಬಿಗೆ ಸುತ್ತಿ ನಕಲಿಳಿಸಲು ಹೊರಟರೆ ರೇಖಾಗಣಿತ ಅಡ್ಡ ನಿಲ್ಲುತ್ತದೆ. ನೇರವಾದ ಶಂಕುವಿಗೆ ಕಾಗದವನ್ನು ಸುಕ್ಕಿಲ್ಲದೆ ಸುತ್ತಬಹುದು. ಬಾಗಿದ ಕೊಂಬಿಗೆ ಆಗದು. ಹೊರಬಾಗಿನ ಕಡೆ ಕಾಗದ ಸಾಲದೆ ಹರಿಯುತ್ತದೆ, ಒಳಬಾಗಿನ ಕಡೆ ಹೆಚ್ಚಾಗಿ ಮಡಚಿಕೊಳ್ಳುತ್ತದೆ. ಅದಕ್ಕೇ ಹಳೆಯ ಕೆತ್ತನೆಗಾರರು ಅಳತೆಗೆ ಗಂಟುಬೀಳದೆ ನದಿಯನ್ನು ಕೊಂಬಿನ ಉದ್ದಕ್ಕೆ ಎಳೆದು, ಊರು ಕೋಟೆಗಳನ್ನು ಅದರ ಎರಡು ಬದಿಗೆ ಸಾಲಾಗಿ ಕೂರಿಸಿದರು. ಗುರುಪುರ ನದಿ ಕಡಲಿನ ಪಕ್ಕದಲ್ಲೇ ಉದ್ದಕ್ಕೆ ಹರಿಯುವುದರಿಂದ ನಮ್ಮ ನಕ್ಷೆ ಕೊಂಬಿನ ಆಕಾರಕ್ಕೆ ಸಹಜವಾಗಿಯೇ ಹೊಂದುತ್ತದೆ. ಕಡಲನ್ನು ಹೊರಬಾಗಿಗೆ ಬಿಟ್ಟು, ಅಲ್ಲೊಂದು ಪಾತೆಮಾರಿಯನ್ನು ಹಾಯಿ ಬಿಚ್ಚಿ ನಿಲ್ಲಿಸಬಹುದು. ಕೊಂಬಿನ ಎಳೆಗಳು ಉದ್ದಕ್ಕೆ ಓಡುವುದರಿಂದ ಉದ್ದ ಗೀರು ಸಲೀಸು, ಅಡ್ಡ ಗೀರಿನಲ್ಲಿ ಮೊನೆ ತಡವರಿಸುತ್ತದೆ. ಒಂದೇ ಸಲ ಒತ್ತದೆ, ಹಗುರವಾಗಿ ಹಲವು ಸಲ ಎಳೆಯಬೇಕು. ಅವಸರಕ್ಕೆ ಇಲ್ಲಿ ಜಾಗವಿಲ್ಲ.

ಮುಗಿದ ಕೊಂಬನ್ನು ಮಂಗಳೂರಿನಲ್ಲಿ ಕಾಪಾಡುವುದು ಇನ್ನೊಂದು ಕೆಲಸ. ಗಂಧಕದ ಕೊಂಡಿಗಳಿರುವ ಕೆರಟಿನ್ನನ್ನು ಅರಗಿಸಿಕೊಳ್ಳುವ ಜೀವಿಗಳು ಕಡಿಮೆ. ಉಣ್ಣೆ ತಿನ್ನುವ ನುಸಿಯ ಮರಿಗಳಿಗೂ ಡರ್ಮೆಸ್ಟಿಡ್ ಎಂಬ ಸಣ್ಣ ಜೀರುಂಡೆಗಳ ಮರಿಗಳಿಗೂ ಆ ಶಕ್ತಿಯಿದೆ. ಕತ್ತಲೆ, ತೇವ, ಅಲುಗಾಡದ ಮೂಲೆ ಅವಕ್ಕೆ ಇಷ್ಟ. ಕಪಾಟಿನಲ್ಲಿ ಬಟ್ಟೆ ಸುತ್ತಿ ಮರೆತುಬಿಟ್ಟ ಕೊಂಬಿನ ಒಳಗೋಡೆಯಲ್ಲಿ ಸಣ್ಣ ತೂತುಗಳೂ ಬುಡದಲ್ಲಿ ಪುಡಿಯೂ ಕಂಡರೆ ಅವು ಬಂದಿವೆ ಎಂದರ್ಥ. ಗಾಳಿಯಾಡುವ ಗೋಡೆಗೆ ನೇತುಹಾಕಿ, ಮಳೆಗಾಲಕ್ಕೆ ಮುಂಚೆ ಬಿರಡೆಯ ಸಂದಿಗೆ ಹೊಸ ಮೇಣ ಬಳಿದು, ಆಟಿ ತಿಂಗಳಲ್ಲಿ ವಾರಕ್ಕೊಮ್ಮೆಯಾದರೂ ಕೈಗೆತ್ತಿ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಬೂಷ್ಟು ಹಿಡಿದರೆ ನೀರಲ್ಲಿ ತೊಳೆಯಬೇಡಿ, ಒರೆಸಿ ನೆರಳಿನಲ್ಲಿ ಗಾಳಿಗೆ ಇಡಿ. ಕಡುಬಿಸಿಲಿಗಿಟ್ಟರೆ ಹೊರಪದರ ಒಳಪದರಕ್ಕಿಂತ ಬೇಗ ಒಣಗಿ ಕುಗ್ಗುತ್ತದೆ, ಕೆತ್ತಿದ ನದಿಯ ಉದ್ದಕ್ಕೇ ಸೀಳು ಬಿಡುತ್ತದೆ.